ಅತ್ತೆಯ ಕಣ್ಣಾಣೆ

ಕಣ್ಣಾಸ್ಪತ್ರೆ, ಹೆಂಗಸರ ವಾರ್ಡು,
ಬೆಂಗಳೂರು.
ಮಂಗಳವಾರ, 19-2-1957,
ಹಗಲು ಹನ್ನೊಂದು ಗಂಟೆ.

ಬ್ಯಾಡರಹಳ್ಳಿ ಚನ್ನಕೇಶವ ಅವರಿಗೆ ವಿಮಲಳ ನಮಸ್ಕಾರ.

ಗಂಡನ ಹೆಸರನ್ನು ಹೀಗೆ ನೆಟ್ಟಗೆ ಬರೆದಿದ್ದಾಳಲ್ಲ ಅಂತ ಹುಬ್ಬು ಗಂಟಿಕ್ಕಬೇಡಿ. ಏಳು ವರ್ಷ ಅಣ್ಣನ ಮನೆಯಲ್ಲಿ ಕೂತವಳು ಈಗ ಬಂದು ಯಜಮಾನರ ಪಾದಾರವಿಂದಗಳಿಗೆ ಅಂತ ಶುರು ಮಾಡಿದರೆ ನಿಮಗೇ ನಗು ಬರುತ್ತದೆ. ಇಲ್ಲಿ ಎಲ್ಲ ಕ್ಷೇಮ ಅಂತ ಬರೆಯುವ ಸಾಲು ಇದು. ಆದರೆ ಸುಳ್ಳು ಬರೆದದ್ದು, ಹೇಳಿದ್ದು ಎರಡೂ ಸಾಕಾಗಿದೆ. ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಸೀಸದ ಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಎರಡು ಸಲ ಓದಿಕೊಳ್ಳಿ. ಬೇರೆಯವರ ಕೈಗೆ ಕೊಡಬೇಡಿ, ನೀವೊಬ್ಬರೇ ಓದಿ.

ನಾನಿರುವುದು ನೀವು ಶನಿವಾರ ನಿಮ್ಮಮ್ಮನನ್ನು ಸೇರಿಸಿ ಹೋದ ಅದೇ ಆಸ್ಪತ್ರೆಯಲ್ಲಿ, ಅದೇ ವಾರ್ಡಿನಲ್ಲಿ. ನಡುವೆ ಆರು ಮಂಚ, ಅಷ್ಟೇ. ಗಾಬರಿ ಬೀಳಬೇಡಿ, ಅತ್ತೆ ಚೆನ್ನಾಗಿದ್ದಾರೆ. ಬೆಳಿಗ್ಗೆ ಆಸ್ಪತ್ರೆಯ ಬ್ರೆಡ್ಡನ್ನು ಬೈದುಕೊಂಡೇ ಎರಡು ಚೂರು ತಿಂದರು. ಜೊತೆಗೆ ಅಂತ ನೀವು ಬಿಟ್ಟು ಹೋದಿರಲ್ಲ ಪಕ್ಕದ ಮನೆ ಪಾಪಮ್ಮ, ಅವಳು ಬಟ್ಟೆ ತರೋಕೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತಿದ್ದಾಳೆ. ಅವಳ ಕೈಲೇ ಈ ಕಾಗದ. ಅವಳಿಗೆ ಓದೋಕೆ ಬರುವುದಿಲ್ಲ, ಅದೊಂದು ಪುಣ್ಯ.

ನಾನು ಯಾಕೆ ಇಲ್ಲಿ ಅಂತೀರಾ? ಎಡಗಣ್ಣು. ಆವತ್ತಿನ ಅದೇ ಕಣ್ಣು. ಮಂಜು ಮಂಜಾಗಿ ಇದ್ದದ್ದು ಮೂರು ವರ್ಷದ ಹಿಂದೆ ಪೂರ್ತಿ ಕತ್ತಲಾಯಿತು. ಹೋದ ದೀಪಾವಳಿಯಿಂದ ನೋವು ಶುರುವಾಯಿತು ನೋಡಿ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನುವಂಥ ನೋವು. ಬೈರಯ್ಯಣ್ಣ ರಾಜಾಜಿನಗರದ ಡಾಕ್ಟರಿಗೆ ತೋರಿಸಿದ, ಅವರು ಇಲ್ಲಿಗೆ ಚೀಟಿ ಬರೆದುಕೊಟ್ಟರು. ನಿನ್ನೆ ಬೆಳಿಗ್ಗೆ ಸೇರಿದೆ. ದೊಡ್ಡ ಡಾಕ್ಟರು ದೀಪ ಹಿಡಿದು ನೋಡಿ, ಹಳೇ ಪೆಟ್ಟಮ್ಮ ಇದು, ಒಳಗೆಲ್ಲ ಕೆಟ್ಟಿದೆ, ಹಾಗೇ ಬಿಟ್ಟರೆ ಇನ್ನೊಂದು ಕಣ್ಣಿಗೂ ಅಪಾಯ, ಗುರುವಾರ ತೆಗೆದುಬಿಡೋಣ ಅಂದರು. ಹುಳುಕು ಹಲ್ಲು ತೆಗೀತೀನಿ ಅನ್ನುವ ಹಾಗೆ ಅಂದರು ಕಣ್ರೀ.

ಆಮೇಲೆ ಇನ್ನೊಂದು ಮಾತು ಹೇಳಿದರು. ಒಳಗೆ ಕೆಟ್ಟಿದ್ದರೂ ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನ ಹಾಗೆ ಒಂದು ಪೊರೆ ಇರುತ್ತದಂತೆ. ನನ್ನದು ಇನ್ನೂ ಚೆನ್ನಾಗಿದೆಯಂತೆ. ಹೂ ಬಿದ್ದು ಬೆಳ್ಳಗಾಗಿ ಕುರುಡಾದ ಕಣ್ಣಿಗೆ ಅದನ್ನು ಹೊಲಿದು ಕೂರಿಸಿದರೆ ನೋಟ ಬರಬಹುದಂತೆ. ಹೇಗೂ ತೆಗೆಯೋದೇ, ಎಸೆಯೋ ಬದಲು ಇನ್ನೊಬ್ಬರಿಗೆ ಕೊಡ್ತೀಯೇನಮ್ಮ ಅಂತ ಕೇಳಿದರು. ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಕೊಡ್ತೀನಿ ಡಾಕ್ಟ್ರೇ, ಮುಂದಿನ ಜನ್ಮಕ್ಕೆ ಕುರುಡಿಯಾಗಿ ಹುಟ್ಟಿದರೆ ನೀವೇ ಬಂದು ಕೈ ಹಿಡ್ಕೊಂಡು ನಡೆಸಬೇಕು ಅಂದೆ. ಅವರು ನಕ್ಕರು, ನಾನು ಸಹಿ ಹಾಕಿದೆ. ಒಳಗೊಳಗೇ ಜಂಭ ಕೂಡ ಬಂತು, ನಾನೂ ಒಂದು ಧರ್ಮದ ಕೆಲಸ ಮಾಡಿದೆ ಅಂತ.

ಅವರು ಅತ್ತ ಹೋದದ್ದೇ ಸಿಸ್ಟರಮ್ಮ ಬಂದು ನನ್ನ ಬೆನ್ನು ತಟ್ಟಿದಳು. ನಿನ್ನ ಕಣ್ಣು ಆ ಕೊನೇ ಮಂಚದ ಅಜ್ಜಿಗೆ ಕಣಮ್ಮ, ಪಾಪ ಎರಡೂ ಕಣ್ಣಿಗೆ ಹೂ ಬಿದ್ದಿದೆ, ಬ್ಯಾಡರಹಳ್ಳಿಯೋರು, ಲಿಂಗಮ್ಮ ಅಂತ ಹೆಸರು ಅಂದಳು.

ತಿರುಗಿ ನೋಡಿದೆ. ಅವರೇ. ಸೆರಗನ್ನು ಬಲಗಿವಿಯ ಹಿಂದಕ್ಕೆ ಸಿಕ್ಕಿಸಿಕೊಳ್ಳುವವರು ಬೇರೆ ಯಾರೂ ಇಲ್ಲ. ಎಷ್ಟು ಸೊರಗಿದ್ದಾರೆ! ನಾನು ನಿಮ್ಮ ಮನೆ ಬಿಟ್ಟಾಗ ಎರಡು ಕೊಡ ನೀರನ್ನು ಒಟ್ಟಿಗೆ ಹೊತ್ತು ತರುತ್ತಿದ್ದ ಹೆಂಗಸು ಅದು. ನನಗೆ ಮೊದಲು ಬಂದದ್ದು ಅಯ್ಯೋ ಪಾಪ ಅಂತ ಅಲ್ಲ. ಹೆದರಿಕೆ. ನನ್ನ ಗುರುತು ಸಿಕ್ಕಿಬಿಟ್ಟರೆ ಏನು ಗತಿ ಅನ್ನುವ ಹೆದರಿಕೆ. ನನ್ನ ಕಣ್ಣನ್ನು ಬೇರೆ ಯಾರಿಗಾದರೂ ಕೊಡಿ ಅಂತ ಹೇಳೋಕೆ ಡಾಕ್ಟರ ಹಿಂದೆ ಬಾಗಿಲ ತನಕ ಓಡಿದೆ ಕೂಡ. ಯಾಕೆ ಅಂತ ಕೇಳುತ್ತಾರಲ್ಲ, ಏನು ಹೇಳೋದು ಅಂತ ವಾಪಸು ಬಂದು ಕೂತೆ.

ಮಧ್ಯಾಹ್ನ ಆಯಾ ಕಾಫಿ ತಂದಳು. ಸುಮ್ಮನೆ ಕುಡಿದು ಬಿದ್ದಿರಬೇಕಿತ್ತು. ಇದೇನು ಕಾಫಿಯೋ ಎಮ್ಮೆಗೆ ಇಡೋ ಕಲಗಚ್ಚೋ ಅಂದುಬಿಟ್ಟೆ. ಆ ಕೊನೆಯಲ್ಲಿ ಮಂಚ ಕಿರ್ ಅಂತು. ಅತ್ತೆ ಎದ್ದು ಕೂತು ವಿಮ್ಲಿ ಅಂದರು. ಯಾರದು ಅಂತ ಕೇಳಲಿಲ್ಲ, ಅಡುಗೆ ಮನೆಯಿಂದ ಕರೆಯುತ್ತಿದ್ದರಲ್ಲ, ಹಾಗೇ ಕರೆದರು. ನಾನು ಮುಸುಕೆಳೆದುಕೊಂಡೆ. ಅವರು ಇಳಿದು, ಪಾಪಮ್ಮ ಬೇಡ ಬೇಡ ಅಂದರೂ ಕೇಳದೆ, ಒಂದೊಂದೇ ಮಂಚದ ಕಂಬಿ ತಡವಿಕೊಂಡು ಬಂದರು. ವಾರ್ಡಿಗೆ ವಾರ್ಡೇ ನೋಡುತ್ತಿತ್ತು. ಬಂದವರು ನನ್ನ ಕಾಲು ಹುಡುಕಿ ಹಿಡಿದುಕೊಂಡರು. ಅತ್ತೆ ಸೊಸೆಯ ಕಾಲು ಹಿಡಿದರು ಕಣ್ರೀ! ಸುಳ್ಳು ಆಣೆ ಇಟ್ಟೆ ಕಣವ್ವ, ಕಣ್ಣಾಣೆ ಇಟ್ಟು ನಿನ್ನ ಬಾಳು ಕೆಡಿಸಿದೆ, ದೇವರು ನನ್ನ ಎರಡೂ ಕಣ್ಣು ಕಿತ್ಕೊಂಡ, ನನ್ನ ಕ್ಷಮಿಸಿಬಿಡು ಅಂತ ಅತ್ತರು.

ಇಲ್ಲಿಂದ ಮುಂದೆ ನಿಮಗೆ ಗೊತ್ತಿರುವುದನ್ನೇ ನಿಮಗೆ ಬರೆಯಬೇಕು. ಯಾಕೆಂದರೆ ಇದನ್ನು ನಾನು ಇವತ್ತಿನವರೆಗೆ ಯಾರ ಮುಂದೂ ಬಾಯಿ ಬಿಟ್ಟು ಹೇಳಿಲ್ಲ, ನಿಮ್ಮ ಮುಂದೂ ಹೇಳಿಲ್ಲ.

ಆವತ್ತು ನೀವು ನನ್ನ ಮೇಲೆ ಕೈ ಎತ್ತಲಿಲ್ಲ. ಬೈರಯ್ಯಣ್ಣ ಕಾರ್ಖಾನೆಯಲ್ಲಿ ನಿಮಗೆ ಕೆಲಸ ಹೇಳಿಟ್ಟಿದ್ದ. ಪಟ್ಟಣದಲ್ಲಿ ಮನೆ ಮಾಡೋಣ ಅಂತ ನಾನು ಕುಣಿಯುತ್ತಿದ್ದೆ. ಹೊಲ ಬಿಟ್ಟು, ಅಮ್ಮನ್ನ ಬಿಟ್ಟು ಬರಲ್ಲ ಅಂದಿರಿ. ದನಿ ಕೂಡ ಏರಿಸಲಿಲ್ಲ, ಅದೇ ನನಗೆ ಮೈ ಉರಿದದ್ದು. ನೀವೂ ನಾಲ್ಕು ಮಾತು ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆ ಸಿಟ್ಟಿನಲ್ಲಿ ಕೊಟ್ಟಿಗೆಗೆ ಹೋಗಿ, ಹಾಲು ಕುಡಿಯುತ್ತಿದ್ದ ಕರುವನ್ನು ಕತ್ತು ಹಿಡಿದು ದರದರ ಎಳೆದೆ. ಹಸು ತಲೆ ಬೀಸಿತು. ಕೊಂಬು ಕಣ್ಣಿಗೆ ತಾಗಿತು. ಬಾಗಿಲಲ್ಲಿ ಸಗಣಿ ಮಂಕರಿ ಹಿಡಿದು ನಿಂತಿದ್ದ ಅತ್ತೆ ಅದನ್ನು ಕಣ್ಣಾರೆ ನೋಡಿದರು. ಮಂಕರಿ ಎಸೆದು ಓಡಿ ಬಂದು ತಮ್ಮ ಸೆರಗನ್ನೇ ಹರಿದು ನನ್ನ ಕಣ್ಣಿಗೆ ಕಟ್ಟಿದರು. ನಡೆದದ್ದು ಇಷ್ಟು.

ಮೂರನೇ ದಿನ ಅಣ್ಣ ಬಂದು ಊದಿದ ಮುಖ ನೋಡಿ ಏನಾಯ್ತೇ ಅಂದ. ನನ್ನ ಉರಿ ಇನ್ನೂ ಆರಿರಲಿಲ್ಲ. ನಿನ್ನ ಭಾವಮೈದನ್ನೇ ಕೇಳು ಅಂದೆ. ಅಷ್ಟೇ ಅಂದದ್ದು. ಅಷ್ಟಕ್ಕೇ ಅವನು ಕುದಿದುಹೋಗಿ ನ್ಯಾಯ ಸೇರಿಸಿದ. ಚಾವಡಿಯಲ್ಲಿ ಅಷ್ಟು ಜನ ಗಂಡಸರ ಮುಂದೆ ಊರ ಯಜಮಾನರು ಹನುಮಂತಯ್ಯನವರು, ಗಂಡ ಹೊಡೆದನೇನಮ್ಮ ಅಂತ ಕೇಳಿದಾಗ, ಇಲ್ಲ ಅಂದರೆ ಅಣ್ಣನ ಮಾನ ಹೋಗುತ್ತದೆ ಅನ್ನಿಸಿತು. ಹೂಂ ಅಂದೆ. ಆಗ ಅತ್ತೆ ಮುಂದೆ ಬಂದು, ನನ್ನ ಮಗ ಮುಟ್ಟಿಲ್ಲ, ಹಸು ಕೊಂಬು ತಾಗಿದ್ದನ್ನ ನಾನೇ ನೋಡಿದೀನಿ, ಸುಳ್ಳಾದರೆ ನನ್ನ ಎರಡು ಕಣ್ಣೂ ಹೋಗಲಿ ಅಂತ ಆಣೆ ಇಟ್ಟರು. ಅದು ಸತ್ಯದ ಆಣೆ. ನಾನು ತಲೆ ತಗ್ಗಿಸಿ ಕೂತಿದ್ದೆ. ನಿಮ್ಮನ್ನು ಕೇಳಿದರು. ತಪ್ಪು ನಂದೇ ಅಂದಿರಿ. ದೇವರಿಗೆ ತಪ್ಪು ಕಾಣಿಕೆ ಹಾಕಿಸಿ, ಹೆಂಡತೀನ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊ ಅಂತ ಹನುಮಂತಯ್ಯನವರು ತೀರ್ಪು ಹೇಳಿದರು. ಯಾವ ಮುಖ ಹೊತ್ತು ಆ ಮನೆಗೆ ಬರಲಿ? ಅಣ್ಣನ ಹಿಂದೆ ಹೊರಟುಬಿಟ್ಟೆ.

ನಿಮ್ಮ ಆ ಒಂದು ಮಾತನ್ನು ಹಿಡಿದುಕೊಂಡು ಏಳು ವರ್ಷ ನೆಮ್ಮದಿಯಾಗಿ ಉಂಡೆ, ಮಲಗಿದೆ. ಗಂಡನೇ ಒಪ್ಪಿಕೊಂಡ ಮೇಲೆ ನನ್ನದೇನು ಸುಳ್ಳು ಬಂತು ಅಂತ.

ನಿನ್ನೆ ಅತ್ತೆ ಕಾಲು ಹಿಡಿದಾಗ ನಾಲಿಗೆ ತಡವರಿಸಿಕೊಂಡೇ, ಅತ್ತೆ, ಕೊಟ್ಟಿಗೇಲಿ ನೀವೇ ನೋಡಿದ್ರಲ್ಲ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ಕೇಳಿ. ನಾನು ನೋಡಿದ್ದು ಆಮೇಲಿನದ್ದಂತೆ ಕಣೇ, ನ್ಯಾಯ ಮುಗಿಸಿ ಮನೆಗೆ ಬಂದ ಮೇಲೆ ನನ್ನ ಮಗನೇ ಹೇಳಿದ, ಕೊಟ್ಟಿಗೆಗೆ ಹೋಗೋ ಮುಂಚೆನೇ ನಾನು ಹೊಡೆದಿದ್ದೆ ಕಣಮ್ಮ, ನೀನು ತಿಳೀದೆ ಆಣೆ ಇಟ್ಟೆ ಅಂದ ಅಂತ ಅಂದರು.

ಏನ್ರೀ ಇದು? ಏನು ಮಾಡಿಬಿಟ್ಟಿರಿ ನೀವು? ಚಾವಡಿಯಲ್ಲಿ ಹೇಳಿದ್ದು ಸಾಲದು ಅಂತ ಮನೆಗೆ ಹೋಗಿ ಹೆತ್ತ ತಾಯಿಗೂ ಅದನ್ನೇ ಹೇಳಿದಿರಾ? ಯಾಕೆ ಅಂತ ನನಗೆ ಅರ್ಥವಾಗಲ್ಲ ಅಂದುಕೊಳ್ಳಬೇಡಿ. ಅತ್ತೆ ನನ್ನನ್ನು ಸುಳ್ಳುಗಾತಿ ಅಂತ ಬಾವಿಕಟ್ಟೆಯಲ್ಲಿ ಬಯ್ಯಬಾರದು, ನಾನು ಯಾವತ್ತಾದರೂ ವಾಪಸು ಬಂದರೆ ಅವರು ನನ್ನನ್ನು ಒಳಗೆ ಬಿಟ್ಟುಕೊಳ್ಳಬೇಕು, ಅದಕ್ಕೆ. ನನ್ನ ಮಾತು ಉಳಿಸೋಕೆ ಹೋಗಿ ಆ ತಾಯಿ ಕಣ್ಣಾರೆ ಕಂಡದ್ದನ್ನು ಅವರೇ ನಂಬದ ಹಾಗೆ ಮಾಡಿಬಿಟ್ಟಿರಿ. ನಿಮ್ಮನ್ನು ಬಯ್ಯಬೇಕೋ ನಿಮ್ಮ ಕಾಲಿಗೆ ಬೀಳಬೇಕೋ ಗೊತ್ತಾಗುತ್ತಿಲ್ಲ. ನಿನ್ನೆಯಿಂದ ಎರಡನ್ನೂ ಮನಸ್ಸಿನಲ್ಲಿ ಮಾಡುತ್ತಿದ್ದೇನೆ.

ಉಳಿದದ್ದನ್ನು ಪಾಪಮ್ಮ ಹೇಳಿದಳು. ಎರಡು ವರ್ಷದ ಹಿಂದೆ ಕಣದಲ್ಲಿ ರಾಗಿ ತೂರುವಾಗ ಅತ್ತೆಯ ಕಣ್ಣಿಗೆ ಹೊಟ್ಟು ಬಿತ್ತಂತೆ. ಕೆಂಪಗಾಗಿ ಕೀವು ಬಂದರೂ ಆಸ್ಪತ್ರೆಗೆ ಬರಲ್ಲ ಅಂದರಂತೆ. ಇದು ಹೊಟ್ಟಲ್ಲ, ನನ್ನ ಆಣೆ ಬಂದು ಹಿಡೀತು ಅಂತ, ಆಂಜನೇಯನ ತೀರ್ಥ ಬಿಟ್ಟರೆ ಇನ್ನೇನೂ ಹಾಕಿಸಿಕೊಳ್ಳಲಿಲ್ಲವಂತೆ. ಮರುವರ್ಷ ಇನ್ನೊಂದು ಕಣ್ಣಿಗೂ ಅದೇ ಕಥೆ. ಊರಿನವರು ಕೇಳಬೇಕೆ? ಕಣ್ಣಾಣೆ ಇಟ್ಟಳು, ಕಣ್ಣೇ ಹೋಯ್ತು ನೋಡು ಅಂತ ಮಕ್ಕಳಿಗೆ ತೋರಿಸಿ ಹೇಳುತ್ತಾರಂತೆ. ಬಾಣಂತಿ ಮನೆಗೆ, ನಾಮಕರಣಕ್ಕೆ ಕರೆಯುವುದು ನಿಲ್ಲಿಸಿದ್ದಾರಂತೆ. ಊರಿನ ಅರ್ಧ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅದು! ಇದನ್ನೆಲ್ಲ ನೋಡಿಕೊಂಡು ನೀವು ಹೇಗೆ ಸುಮ್ಮನಿದ್ದಿರಿ? ಈಗ ನಿಜ ಹೇಳಿದರೆ ವಿಮಲ ಏನಾಗುತ್ತಾಳೆ ಅಂತಲಾ? ನಾನು ಏನಾದರೂ ಆಗಿಹೋಗಲಿ ಅಂತ ಒಂದು ದಿನವೂ ಅನ್ನಿಸಲಿಲ್ಲವೇನ್ರೀ?

ನನಗೇನು ಹಕ್ಕಿದೆ ಇದನ್ನು ಕೇಳೋಕೆ. ನಾನು ನಿನ್ನೆ ಮಾಡಿದ್ದನ್ನು ಕೇಳಿ. ಅಷ್ಟೆಲ್ಲ ಗೊತ್ತಾಗಿಯೂ ನನ್ನ ಬಾಯಿಂದ ನಿಜ ಹೊರಡಲಿಲ್ಲ. ಏಳಿ ಅತ್ತೆ, ಕ್ಷಮಿಸಿದೀನಿ ಅಂದೆ. ನಾನು, ಅವರನ್ನು, ಕ್ಷಮಿಸಿದೆ! ಸುತ್ತ ಇದ್ದವರೆಲ್ಲ ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸಮ್ಮ ನಿಂದು ಅಂತ ಪಕ್ಕದ ಮಂಚದವರು ಎರಡು ಬಾಳೆಹಣ್ಣು ಕೊಟ್ಟರು. ನಾನು ಅದನ್ನು ಸುಲಿದು ತಿಂದೆ.

ಇನ್ನೂ ಒಂದಿದೆ. ಶನಿವಾರದಿಂದ ಅತ್ತೆ ಆಪರೇಷನ್ ಬೇಡ ಅಂತಲೇ ಹಟ ಹಿಡಿದಿದ್ದರಂತೆ. ದೇವರು ಕಿತ್ಕೊಂಡಿದ್ದನ್ನ ನೀವು ಕೊಡಬೇಡಿ ಅಂತ ಡಾಕ್ಟರಿಗೇ ಹೇಳಿದ್ದರಂತೆ. ನಾನು ಕ್ಷಮಿಸಿದೆ ಅಂದ ಮೇಲೆ ಸಿಸ್ಟರಮ್ಮನನ್ನು ಕರೆದು, ಅನ್ಯಾಯ ಆದವಳೇ ಬಿಟ್ಟುಕೊಟ್ಟಳು, ಇನ್ನು ಮಾಡಿ ಅಂದುಬಿಟ್ಟರು. ಯಾರ ಕಣ್ಣು ಬರುತ್ತದೆ ಅನ್ನುವುದು ಮಾತ್ರ ಅವರಿಗೆ ಗೊತ್ತಿಲ್ಲ.

ನೋಡಿದಿರಾ ಹೇಗಿದೆ ಸಂಗತಿ? ನಾನು ಸುಮ್ಮನಿದ್ದರೆ ಗುರುವಾರ ಅವರಿಗೆ ಕಣ್ಣು ಬರಬಹುದು, ನನಗೆ ಒಳ್ಳೆ ಹೆಸರೂ ಬರುತ್ತದೆ. ಆದರೆ ಸಾಯುವ ತನಕ ತಾನು ಸುಳ್ಳು ಆಣೆಯವಳು ಅಂದುಕೊಂಡೇ ಲೋಕ ನೋಡಬೇಕು ಅವರು. ನಾನು ಬಾಯಿ ಬಿಟ್ಟರೆ, ಈ ಸುಳ್ಳುಗಾತಿ ಕಣ್ಣು ನನಗೆ ಬೇಡ ಅಂದರೂ ಅಂದರು. ತೆಗೆದ ಕಣ್ಣು ಹೆಚ್ಚು ಹೊತ್ತು ಇರುವುದಿಲ್ಲವಂತೆ, ಅವರು ಬೇಡ ಅಂದರೆ ಈ ವಾರ ತಯಾರಾಗಿರುವವರು ಇನ್ನೊಬ್ಬರಿಲ್ಲವಂತೆ. ಸಿಸ್ಟರಮ್ಮನನ್ನು ಬಳಸಿ ಬಳಸಿ ಕೇಳಿ ತಿಳಿದುಕೊಂಡೆ. ಬೆಳಗಿನಿಂದ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಹೇಳಲೇಬೇಕು. ಕಣ್ಣು ಹೋದರೆ ಹೋಗಲಿ ಅನ್ನುವುದು ನನಗೆ ಸುಲಭ, ಹೋಗುವುದು ಅವರದ್ದು ಅಂತ ಗೊತ್ತು. ಆದರೂ ಹೇಳಲೇಬೇಕು.

ನಾನೊಬ್ಬಳೇ ಹೇಳಿದರೆ ಅವರು ನಂಬುವುದಿಲ್ಲ. ಮುದುಕಿ ಸಂಕಟ ನೋಡಲಾರದೆ ಪಾಪ ಅಂತ ಹೇಳ್ತಾಳೆ ಅಂದುಕೊಳ್ಳುತ್ತಾರೆ. ಮಗ ಹಾಕಿದ ಗಂಟನ್ನು ಮಗನೇ ಬಿಚ್ಚಬೇಕು. ಅದಕ್ಕೇ ಈ ಕಾಗದ. ನಾಳೆ ಬುಧವಾರ ನಾಲ್ಕು ಗಂಟೆಗೆ ಒಳಗೆ ಬಿಡುತ್ತಾರೆ. ಬನ್ನಿ. ದಮ್ಮಯ್ಯ ಅಂತೀನಿ, ಬಂದು ಮತ್ತೆ ತಪ್ಪು ನಂದೇ ಅನ್ನಬೇಡಿ. ನಿಮಗೆ ಆ ರೋಗ ಇದೆ. ಹೊಡೆದಿಲ್ಲ ಅನ್ನಿ. ವಿಮಲ ಸುಳ್ಳು ಹೇಳಿದಳು ಅನ್ನಿ. ನಾನು ಪಕ್ಕದಲ್ಲೇ ನಿಂತು ಹೂಂ ಅನ್ನುತ್ತೇನೆ.

ನಾನು ವಾಪಸು ಬರೋಕೆ ದಾರಿ ಮಾಡಿಕೊಳ್ಳುತ್ತಿದ್ದೇನೆ ಅಂತ ತಿಳಿಯಬೇಡಿ. ಮೂರು ಕಡೆ ಹೆಣ್ಣು ನೋಡಿದರೂ ನೀವು ಇನ್ನೊಂದು ಮದುವೆ ಬೇಡ ಅಂದಿರಿ ಅಂತ ಅತ್ತೆ ಹೇಳಿದರು. ಅದನ್ನು ಕೇಳಿ ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅದಕ್ಕಿಂತ ಹೆಚ್ಚು ಬರೆಯೋಕೆ ಆಗುವುದಿಲ್ಲ.

ಹೆಂಡತಿ ಅಂತ ಬರೆದುಕೊಳ್ಳೋಕೆ ಧೈರ್ಯ ಸಾಲದ,
ವಿಮಲ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಅತ್ತೆ ತಡವಿಕೊಂಡು ಬಂದು ನನ್ನ ಮಂಚದ ಮೇಲೆ ಕೂತರು. ಸೀಸದ ಕಡ್ಡಿ ಸದ್ದು ಕೇಳಿಸಿತಂತೆ. ಯಾರಿಗೇ ಅಷ್ಟುದ್ದ ಅಂದರು. ನಿಮ್ಮ ಮಗನಿಗೆ ಅಂದೆ. ಓದು ಅಂದರು. ಎರಡು ಸಾಲು ಓದಿ ಮಿಕ್ಕದ್ದನ್ನು ಬಾಯಿಗೆ ಬಂದ ಹಾಗೆ ಕಟ್ಟಿ ಹೇಳೋಣ ಅಂದುಕೊಂಡೆ, ಆಗಲಿಲ್ಲ. ಪೂರ್ತಿ ಓದಿದೆ, ಬಾಳೆಹಣ್ಣಿನ ಮಾತನ್ನೂ ಬಿಡಲಿಲ್ಲ. ಅವರು ನಂಬುವುದಿಲ್ಲ ಅಂತ ಬರೆದಿದ್ದೆನಲ್ಲ, ಅದು ತಪ್ಪು. ನನ್ನ ಕಣ್ಣಿಗೆ ಕಟ್ಟೋಕೆ ಸೆರಗು ಹರಿದದ್ದನ್ನು ಓದುತ್ತಿದ್ದ ಹಾಗೇ, ನಿಲ್ಸು, ಕೊಟ್ಟಿಗೇದು ಇನ್ನೊಂದು ಸಲ ಓದು ಅಂದರು. ಓದಿದೆ. ಹಂಗಾದರೆ ನಾನು ನೋಡಿದ್ದು ಸರಿಯಾಗೇ ಇತ್ತು ಅಂದರು. ಸದ್ದಿಲ್ಲದೆ ತುಂಬ ಹೊತ್ತು ಅತ್ತರು. ಆಮೇಲೆ ಕೈಚಾಚಿ ನನ್ನ ಮುಖ ತಡವಿ, ನೋವಿರೋದು ಯಾವ ಕಡೆ ಅಂತ ಕೇಳಿಕೊಂಡು, ಬಲಗೆನ್ನೆಗೆ ಛಟೀರ್ ಅಂತ ಒಂದು ಬಾರಿಸಿದರು. ಸಿಸ್ಟರಮ್ಮ ಓಡಿ ಬಂದಳು. ನಮ್ಮ ಮನೆ ವಿಷಯ, ನೀನು ಹೋಗು ತಾಯಿ ಅಂದರು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ನನ್ನ ಕಣ್ಣು ತಗೊಳ್ಳುತ್ತಾರಂತೆ, ಅದು ನಾನು ಕೊಡಬೇಕಾದದ್ದೇ ಅಂತೆ. ಕ್ಷಮಿಸುವ ಮಾತನ್ನು ನಾನೂ ಎತ್ತಬಾರದಂತೆ, ನೀವೂ ಎತ್ತಬಾರದಂತೆ. ಆದರೆ ನಾಳೆ ನೀವೊಬ್ಬರೇ ಬಂದರೆ ಸಾಲದು. ಹನುಮಂತಯ್ಯನವರನ್ನೂ, ಆವತ್ತು ನ್ಯಾಯಕ್ಕೆ ಕೂತಿದ್ದವರಲ್ಲಿ ಬದುಕಿರುವವರನ್ನೂ ಕರೆದುಕೊಂಡು ಬರಬೇಕು. ಲಿಂಗಮ್ಮ ಇಟ್ಟದ್ದು ಸತ್ಯದ ಆಣೆ ಅಂತ ಈ ವಾರ್ಡಿನಲ್ಲಿ, ಅವರು ಕುರುಡಿಯಾಗಿ ಕೂತಿರುವಾಗಲೇ ಹೇಳಬೇಕು. ಆಪರೇಷನ್ ಆಗಿ ಕಣ್ಣು ಬಂದ ಮೇಲೆ ಹೇಳಿದರೆ ಆಗದೇ ಅತ್ತೆ ಅಂತ ಕೇಳಿದೆ. ಕಣ್ಣು ಹೋಯ್ತು ಅಂತ ನನ್ನ ಸುಳ್ಳುಗಾತಿ ಮಾಡಿದರು, ಕಣ್ಣು ಬಂತು ಅಂತ ಸತ್ಯವಂತೆ ಮಾಡೋದು ನಂಗೆ ಬೇಡ ಅಂದರು. ಅದಿಲ್ಲದೆ ಗುರುವಾರ ಮೇಜು ಹತ್ತುವುದಿಲ್ಲವಂತೆ. ಡಾಕ್ಟರೇ ಬಂದು ಹೇಳಿದರೂ ಜಗ್ಗಲಿಲ್ಲ.

ಆದ್ದರಿಂದ ನೀವೊಬ್ಬರೇ ಓದಿ ಅಂದದ್ದನ್ನು ಬಿಟ್ಟುಬಿಡಿ. ಈ ಕಾಗದವನ್ನು ಈಗಲೇ ಹನುಮಂತಯ್ಯನವರ ಮನೆಗೆ ತೆಗೆದುಕೊಂಡು ಹೋಗಿ, ಗಟ್ಟಿಯಾಗಿ ಓದಿ. ಅವರು ಬರಲ್ಲ ಅಂದರೆ, ವಿಮಲಳ ಕಣ್ಣು ಗುರುವಾರ ಕಸದ ಬುಟ್ಟಿಗೆ ಹೋಗುತ್ತದೆ ಅಂತ ಹೇಳಿ.